ಬೇರು ಮನಸ್ಸಿನಲ್ಲೋ, ಬಂದೂಕಿನಲ್ಲೋ? ಅಮೆರಿಕದ ಸಾಮೂಹಿಕ ಗುಂಡಿನ ದಾಳಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿತೆಂಬ ಸುದ್ದಿ ಬಂದ ರಾತ್ರಿ, ಆ ದೇಶದಲ್ಲೇ ನೆಲೆಸಿರುವ ನಮ್ಮಂಥ ಕನ್ನಡಿಗರ ಮನೆಗಳಿಗೆ ಊರಿನಿಂದ ಫೋನ್ ಬರುತ್ತದೆ. "ನಿಮ್ಮ ಊರಲ್ಲ ತಾನೇ?" ಎಂಬುದು ಮೊದಲ ಪ್ರಶ್ನೆ. ಅಲ್ಲವೆಂದು ಖಚಿತವಾದ ಮೇಲೆ ಅಮ್ಮ ಕೇಳುವುದು, "ಆ ಹುಡುಗನಿಗೆ ಅಂಥದ್ದೇನಾಗಿತ್ತು?" ಎಂದು. ಪಕ್ಕದಲ್ಲಿದ್ದ ಅಪ್ಪ ಕೇಳುವುದು, "ಅವನ ಕೈಗೆ ಬಂದೂಕು ಕೊಟ್ಟವರು ಯಾರು?" ಎಂದು. ಅಮೆರಿಕದ ಸಂಸತ್ತಿನಲ್ಲಿ, ಕೋರ್ಟುಗಳಲ್ಲಿ, ಟಿವಿ ಚರ್ಚೆಗಳಲ್ಲಿ ಕಾಲು ಶತಮಾನದಿಂದ ನಡೆದಿರುವ ವಾದ ಈ ಎರಡು ಪ್ರಶ್ನೆಗಳಲ್ಲೇ ಅಡಗಿದೆ. ವ್ಯತ್ಯಾಸವಿಷ್ಟೇ: ನಮ್ಮ ಮನೆಗಳಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತೇವೆ; ಅಲ್ಲಿ ಒಂದು ಪಕ್ಷ ಮೊದಲನೆಯದನ್ನು ಮಾತ್ರ, ಇನ್ನೊಂದು ಪಕ್ಷ ಎರಡನೆಯದನ್ನು ಮಾತ್ರ ಕೇಳುತ್ತದೆ. ಎರಡನ್ನೂ ಒಟ್ಟಿಗೆ ಕೇಳದೆ ಉತ್ತರ ಸಿಗುವುದಿಲ್ಲ ಎಂಬ ನಂಬಿಕೆಯಿಂದ ಈ ಪುಟವನ್ನು ಬರೆಯಲಾಗಿದೆ. ದಾಳಿಕೋರರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಸಾಮೂಹಿಕ ಗುಂಡಿನ ದಾಳಿ ಎಂದು ಯಾವುದನ್ನು ಕರೆಯುತ್ತಾರೆ?

ಎಲ್ಲರೂ ಒಪ್ಪಿದ ಒಂದೇ ವ್ಯಾಖ್ಯೆ ಇಲ್ಲದಿರುವುದರಿಂದಲೇ ಪತ್ರಿಕೆಯಿಂದ ಪತ್ರಿಕೆಗೆ ಅಂಕಿಗಳು ಬೇರೆಯಾಗುತ್ತವೆ. ದಾಳಿಕೋರನನ್ನು ಬಿಟ್ಟು ನಾಲ್ಕು ಅಥವಾ ಹೆಚ್ಚು ಜನರಿಗೆ ಗುಂಡು ತಗುಲಿದರೆ, ಯಾರೂ ಸಾಯದಿದ್ದರೂ, ಬಂದೂಕಿನ ಹಿಂಸೆಯ ಲೆಕ್ಕವಿಡುವ ಗನ್ ವಯಲೆನ್ಸ್ ಆರ್ಕೈವ್ ಎಂಬ ಸಂಸ್ಥೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹಾಗೆ ಎಣಿಸಿದರೆ ವರ್ಷಕ್ಕೆ ನೂರಾರು ಘಟನೆಗಳಾಗುತ್ತವೆ. ಸಾರ್ವಜನಿಕ ಸ್ಥಳದಲ್ಲಿ ನಾಲ್ಕು ಅಥವಾ ಹೆಚ್ಚು ಜನ ಸತ್ತ ಘಟನೆಗಳನ್ನಷ್ಟೇ ಎಣಿಸಿದರೆ ಸಂಖ್ಯೆ ತೀರಾ ಇಳಿಯುತ್ತದೆ. ಈ ಪುಟದಲ್ಲಿ ಮಾತನಾಡುತ್ತಿರುವುದು ಹೆಚ್ಚಾಗಿ ಎರಡನೆಯ ಬಗೆಯವುಗಳ ಬಗ್ಗೆ.

ಇನ್ನೊಂದು ಅಂಕಿಯನ್ನೂ ನೆನಪಿಡಬೇಕು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆತ್ಮಹತ್ಯೆ ಮಾಡಿಕೊಂಡವರು. ಲೋಕಕ್ಕೆಲ್ಲ ಸುದ್ದಿಯಾಗುವ ಸಾಮೂಹಿಕ ದಾಳಿಗಳ ಪಾಲು ಆ ಮೊತ್ತದಲ್ಲಿ ಬಹಳ ಸಣ್ಣದು. ಆದರೂ ದಾಳಿಗೂ ಆತ್ಮಹತ್ಯೆಗೂ ಹತ್ತಿರದ ನಂಟಿದೆ. ಅದು ಮುಂದೆ ಗೊತ್ತಾಗುತ್ತದೆ.

"ಮೂಲಕಾರಣ ಹುಡುಕಿ, ಬಂದೂಕನ್ನು ದೂರಬೇಡಿ" ಎನ್ನುವವರ ವಾದದಲ್ಲಿ ಹುರುಳಿದೆಯೇ?

ಇದೆ. ಅದನ್ನು ಬಂದೂಕು ವ್ಯಾಪಾರಿಗಳ ವಾದವೆಂದು ತಳ್ಳಿಹಾಕುವುದು ಸರಿಯಲ್ಲ. 1927ರಲ್ಲಿ ಮಿಶಿಗನ್‌ನ ಬಾತ್ ಎಂಬಲ್ಲಿ ಒಬ್ಬ ವ್ಯಕ್ತಿ ಶಾಲೆಯ ಕಟ್ಟಡದಡಿ ಸ್ಫೋಟಕ ಹೂತು 38 ಮಕ್ಕಳನ್ನು ಕೊಂದ. 2016ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಜನಜಂಗುಳಿಯ ಮೇಲೆ ಲಾರಿ ಹರಿಸಿದವನಿಂದ 86 ಜನ ಸತ್ತರು. 2019ರಲ್ಲಿ ಜಪಾನಿನ ಕ್ಯೋಟೊದಲ್ಲಿ ಅನಿಮೇಷನ್ ಸ್ಟುಡಿಯೊಗೆ ಪೆಟ್ರೋಲ್ ಸುರಿದು ಬೆಂಕಿಯಿಟ್ಟವನಿಂದ 36 ಜನ ಸತ್ತರು. 1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದ ಇಬ್ಬರು ಹುಡುಗರು ಮೊದಲು ನೆಚ್ಚಿಕೊಂಡಿದ್ದು ಊಟದ ಕೋಣೆಯಲ್ಲಿಟ್ಟ ಗ್ಯಾಸ್ ಸಿಲಿಂಡರ್ ಬಾಂಬುಗಳನ್ನು, ಅವು ಸಿಡಿಯಲಿಲ್ಲ. ಕೊಲ್ಲುವ ಸಂಕಲ್ಪ ಎಲ್ಲಿಂದ ಹುಟ್ಟಿತು ಎಂದು ಕೇಳದೆ, ಯಾವ ಸಾಧನ ಬಳಸಿದ ಎಂದಷ್ಟೇ ಕೇಳಿದರೆ ಅರ್ಧ ಸತ್ಯ ಕೈತಪ್ಪಿ ಹೋಗುತ್ತದೆ.

ಆದರೆ ಈ ವಾದವನ್ನು ಮಂಡಿಸುವವರು ಒಂದು ಪರೀಕ್ಷೆಗೆ ಒಳಗಾಗಲೇಬೇಕು. ಮೂಲಕಾರಣವೆಂದು ಹೇಳಿದ ಮೇಲೆ ಅದಕ್ಕಾಗಿ ಹಣ, ಜನ, ಸಮಯ ಕೊಡಬೇಕು. ದಾಳಿ ನಡೆದ ವಾರ ಮಾತ್ರ "ಮಾನಸಿಕ ಆರೋಗ್ಯ" ಎಂದು ಹೇಳಿ, ಬಜೆಟ್ ಬಂದಾಗ ಶಾಲಾ ಆಪ್ತಸಮಾಲೋಚಕರ ಹುದ್ದೆಗಳನ್ನೇ ಕಡಿತಗೊಳಿಸಿದರೆ ಅದು ಮೂಲಕಾರಣದ ಚಿಂತೆ ಅನ್ನಿಸಿಕೊಳ್ಳುವುದಿಲ್ಲ.

ಇದೆಲ್ಲ ಮಾನಸಿಕ ಕಾಯಿಲೆಯ ಪರಿಣಾಮವಲ್ಲವೇ? ತಲೆ ಸರಿಯಿರುವವರು ಹೀಗೆ ಮಾಡುತ್ತಾರೆಯೇ?

ಈ ಪ್ರಶ್ನೆ ಸಹಜ. ಆದರೆ ಉತ್ತರ ಅಷ್ಟು ಸರಳವಾಗಿಲ್ಲ. 2000ದಿಂದ 2013ರವರೆಗೆ ಗುಂಡಿನ ದಾಳಿ ನಡೆಸಿದ 63 ಜನರ ಹಿನ್ನೆಲೆಯನ್ನು ಕೆದಕಿದ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 2018ರಲ್ಲಿ ವರದಿ ಪ್ರಕಟಿಸಿತು. ದಾಳಿಗೆ ಮುನ್ನ ವೈದ್ಯರಿಂದ ಯಾವುದಾದರೂ ಮಾನಸಿಕ ಕಾಯಿಲೆಯೆಂದು ಖಚಿತಗೊಂಡಿದ್ದವರು ಅವರಲ್ಲಿ ಕಾಲುಭಾಗ ಮಾತ್ರ. ಭ್ರಮೆ, ಚಿತ್ತಭ್ರಾಂತಿಯಂಥ ತೀವ್ರ ಕಾಯಿಲೆ ಇದ್ದವರು ಮೂವರು. ಬಹುಪಾಲು ಜನ ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಯೋಜನೆ ಹಾಕಿದ್ದರು. ಮನಸ್ಸು ಕೈಕೊಟ್ಟ ಗಳಿಗೆಯಲ್ಲಿ ತಟ್ಟನೆ ನಡೆದುಹೋದ ಕೃತ್ಯಗಳಲ್ಲ ಇವು.

ಕಾಯಿಲೆ ಬೇರೆ, ಸಂಕಟ ಬೇರೆ. ಕಾಯಿಲೆಗೆ ಹೆಸರಿರುತ್ತದೆ, ಮಾತ್ರೆಯಿರುತ್ತದೆ. ಸಂಕಟಕ್ಕೆ ಇವೆರಡೂ ಇಲ್ಲದಿರಬಹುದು: ಕೆಲಸ ಹೋದದ್ದು, ಪ್ರೀತಿ ಮುರಿದದ್ದು, ಶಾಲೆಯಲ್ಲಿ ಎಲ್ಲರೆದುರು ಅವಮಾನವಾದದ್ದು, ಬದುಕಿನಲ್ಲಿ ಹುರುಳೇ ಇಲ್ಲವೆನ್ನಿಸಿದ್ದು. ಸ್ಕಿಜೋಫ್ರೇನಿಯ ಅಥವಾ ಖಿನ್ನತೆಯಿರುವ ಕೋಟ್ಯಂತರ ಜನ ಯಾರಿಗೂ ಕೆಡುಕು ಮಾಡದೆ ಬಾಳುತ್ತಿದ್ದಾರೆ. ಪ್ರತಿ ದಾಳಿಯ ನಂತರವೂ ಅವರೆಲ್ಲರತ್ತ ಬೆರಳು ತೋರಿಸಿದರೆ, ಚಿಕಿತ್ಸೆ ಬೇಕಾದವರು ನಾಚಿಕೆಯಿಂದ ಇನ್ನಷ್ಟು ಒಳಗೆ ಸೇರಿಕೊಳ್ಳುತ್ತಾರೆ. ಮನೋವೈದ್ಯರ ಬಳಿ ಹೋಗುವುದನ್ನು ಈಗಲೂ ನೆಂಟರಿಷ್ಟರಿಂದ ಮುಚ್ಚಿಡುವ ನಮ್ಮ ಸಮುದಾಯಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ದಾಳಿಕೋರರಲ್ಲಿ ಸಮಾನವಾಗಿ ಕಂಡುಬಂದದ್ದೇನು?

1966ರಿಂದೀಚೆಗೆ ಸಾರ್ವಜನಿಕ ಸ್ಥಳಗಳಲ್ಲಿ ನಾಲ್ಕು ಅಥವಾ ಹೆಚ್ಚು ಜನರನ್ನು ಕೊಂದವರ ಬದುಕನ್ನು ಒಂದೊಂದಾಗಿ ಪರಿಶೀಲಿಸಿದವರು ಜಿಲಿಯನ್ ಪೀಟರ್ಸನ್ ಮತ್ತು ಜೇಮ್ಸ್ ಡೆನ್ಸ್‌ಲಿ ಎಂಬ ಇಬ್ಬರು ವಿದ್ವಾಂಸರು. ಅವರು ಕಂಡ ಎಳೆಗಳು ನಾಲ್ಕು. ಅನೇಕರ ಬಾಲ್ಯದಲ್ಲಿ ಹೊಡೆತ, ದೌರ್ಜನ್ಯ, ಹೆತ್ತವರ ಆತ್ಮಹತ್ಯೆಯಂಥ ಆಘಾತಗಳಿದ್ದವು. ದಾಳಿಗೆ ಕೆಲ ವಾರ ಅಥವಾ ತಿಂಗಳ ಹಿಂದೆ ಬಹುತೇಕ ಎಲ್ಲರೂ ಒಂದು ಸಂಕಟದ ಘಟ್ಟ ತಲುಪಿದ್ದರು, ಅದು ಸುತ್ತಲಿನವರ ಕಣ್ಣಿಗೂ ಬಿದ್ದಿತ್ತು. ತಮ್ಮ ನೋವಿಗೆ ಯಾರನ್ನು ಹೊಣೆ ಮಾಡಬೇಕು, ಹೇಗೆ ಸೇಡು ತೀರಿಸಿಕೊಳ್ಳಬೇಕು ಎಂಬುದಕ್ಕೆ ಹಿಂದಿನ ದಾಳಿಕೋರರನ್ನು ಮಾದರಿಯಾಗಿ ಓದಿಕೊಂಡಿದ್ದರು. ನಾಲ್ಕನೆಯದು, ಬಂದೂಕು ಅವರ ಕೈಗೆ ಎಟುಕುವಂತಿತ್ತು. ಶಾಲೆಗಳಲ್ಲಿ ಗುಂಡು ಹಾರಿಸಿದ ಮಕ್ಕಳಲ್ಲಿ ಹೆಚ್ಚಿನವರು ಬಂದೂಕು ತಂದದ್ದು ಅಂಗಡಿಯಿಂದಲ್ಲ, ಮನೆಯಿಂದ ಅಥವಾ ಬಂಧುಗಳಿಂದ.

ಅಮೆರಿಕದ ಅಧ್ಯಕ್ಷರ ರಕ್ಷಣೆಯ ಹೊಣೆ ಹೊತ್ತ ಸೀಕ್ರೆಟ್ ಸರ್ವಿಸ್ 2002ರಲ್ಲಿ ಪ್ರಕಟಿಸಿದ, 37 ಶಾಲಾ ದಾಳಿಗಳ ಅಧ್ಯಯನದಲ್ಲೂ ಇದೇ ಕಾಣುತ್ತದೆ. ಆ ಮಕ್ಕಳಲ್ಲಿ ಶೇ 78ರಷ್ಟು ಮಂದಿ ಹಿಂದೊಮ್ಮೆ ಆತ್ಮಹತ್ಯೆಗೆ ಯತ್ನಿಸಿದ್ದರು ಅಥವಾ ಅದರ ಯೋಚನೆಯಲ್ಲಿದ್ದರು. ಶೇ 81ರಷ್ಟು ಘಟನೆಗಳಲ್ಲಿ ಕನಿಷ್ಠ ಒಬ್ಬರಿಗಾದರೂ ದಾಳಿಯ ಸುಳಿವು ಮೊದಲೇ ಸಿಕ್ಕಿತ್ತು. ಸಾಮಾನ್ಯವಾಗಿ ಸ್ನೇಹಿತನಿಗೆ, ಸಹಪಾಠಿಗೆ ಅಥವಾ ಒಡಹುಟ್ಟಿದವರಿಗೆ. ಹೆಚ್ಚಾಗಿ ಸಾಯುವ ಯೋಚನೆಯಲ್ಲಿದ್ದವನೇ ಕೊಲ್ಲಲು ಹೊರಡುತ್ತಾನೆ, ಹೊರಡುವ ಮುನ್ನ ಯಾರ ಬಳಿಯಾದರೂ ಬಾಯಿಬಿಡುತ್ತಾನೆ. ಇದಕ್ಕಿಂತ ಭರವಸೆಯ ಮಾತು ಈ ವಿಷಯದಲ್ಲಿ ನನಗೆ ಬೇರೆ ಕಂಡಿಲ್ಲ. ಮೊದಲೇ ಗೊತ್ತಾಗುವುದನ್ನು ತಡೆಯಲು ಸಾಧ್ಯವಿದೆ.

ಜನಾಂಗದ್ವೇಷವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಆರು ಜನ ಹತರಾದರು. ಗಾಯಗೊಂಡು ಹಾಸಿಗೆ ಹಿಡಿದಿದ್ದ ಏಳನೆಯವರು 2020ರಲ್ಲಿ ತೀರಿಕೊಂಡರು. 2015ರಲ್ಲಿ ಚಾರ್ಲ್‌ಸ್ಟನ್ನಿನ ಚರ್ಚಿನಲ್ಲಿ ಒಂಬತ್ತು, 2022ರಲ್ಲಿ ಬಫಲೊದ ದಿನಸಿ ಅಂಗಡಿಯಲ್ಲಿ ಹತ್ತು ಕಪ್ಪು ಜನರನ್ನು ಕೊಲ್ಲಲಾಯಿತು. ಇಲ್ಲೆಲ್ಲ ಖಾಸಗಿ ಸಂಕಟಕ್ಕೆ ಒಂದು ಸಿದ್ಧಾಂತ ಸಿಕ್ಕಿತ್ತು, ಆ ಸಿದ್ಧಾಂತವೇ ಗುರಿಯನ್ನು ತೋರಿಸಿಕೊಟ್ಟಿತ್ತು.

ವಿಡಿಯೊ ಗೇಮ್‌ಗಳು ಕಾರಣವಲ್ಲವೇ?

ಜಪಾನ್ ಮತ್ತು ದಕ್ಷಿಣ ಕೊರಿಯದ ಹುಡುಗರೂ ಅದೇ ಆಟಗಳನ್ನು ಆಡುತ್ತಾರೆ. ಆ ದೇಶಗಳಲ್ಲಿ ಶಾಲೆಗೆ ನುಗ್ಗಿ ಗುಂಡು ಹಾರಿಸುವ ಪಿಡುಗಿಲ್ಲ. ಗೇಮ್ ಕಡಿಮೆ ಆಡಿಸಲು ಬೇರೆ ಒಳ್ಳೆಯ ಕಾರಣಗಳಿವೆ. ಇದು ಅವುಗಳಲ್ಲಿ ಒಂದಲ್ಲ.

ಬಂದೂಕಿಲ್ಲದಿದ್ದರೆ ಚಾಕು ಹಿಡಿಯುತ್ತಾರೆ. ಸಾಧನ ಬದಲಾದರೆ ಏನು ವ್ಯತ್ಯಾಸವಾಗುತ್ತದೆ?

ಇದಕ್ಕೆ 2012ರ ಡಿಸೆಂಬರ್ 14 ಎಂಬ ಒಂದೇ ದಿನ ಉತ್ತರ ಕೊಡುತ್ತದೆ. ಅಂದು ಬೆಳಗ್ಗೆ ಚೀನಾದ ಹೆನಾನ್ ಪ್ರಾಂತ್ಯದ ಚೆನ್‌ಪೆಂಗ್ ಹಳ್ಳಿಯ ಪ್ರಾಥಮಿಕ ಶಾಲೆಯ ಬಳಿ ಒಬ್ಬ ವ್ಯಕ್ತಿ ಚಾಕು ಹಿಡಿದು 23 ಮಕ್ಕಳನ್ನೂ ಒಬ್ಬ ವೃದ್ಧೆಯನ್ನೂ ಇರಿದ. ಅದೇ ದಿನ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂಟೌನಿನಲ್ಲಿ, ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯೊಳಗೆ ಇಪ್ಪತ್ತು ವರ್ಷದ ಯುವಕನೊಬ್ಬ ರೈಫಲ್ ಹಿಡಿದು ನುಗ್ಗಿದ. ಅದನ್ನು ಅವನ ತಾಯಿ ಕಾನೂನುಬದ್ಧವಾಗಿ ಕೊಂಡಿದ್ದಳು, ಶಾಲೆಗೆ ಬರುವ ಮುನ್ನ ಅವಳನ್ನೇ ಕೊಂದಿದ್ದ. ಶಾಲೆಯಲ್ಲಿ ಆರೇಳು ವರ್ಷದ 20 ಮಕ್ಕಳೂ 6 ಸಿಬ್ಬಂದಿಯೂ ಸತ್ತರು. ಚೆನ್‌ಪೆಂಗ್‌ನ ಮಕ್ಕಳ ಗಾಯಗಳು ಭೀಕರವಾಗಿದ್ದವು, ಆದರೆ 23 ಮಕ್ಕಳೂ ಬದುಕುಳಿದರು. ಎರಡೂ ಕಡೆ ಕೊಲ್ಲುವ ಮನಸ್ಸಿತ್ತು. ಕೈಯಲ್ಲಿದ್ದ ಸಾಧನ ಬೇರೆಯಾಗಿತ್ತು.

ಸಾಧನವನ್ನು ದೂರವಿಟ್ಟರೆ ಮನಸ್ಸು ಬೇರೆ ದಾರಿ ಹುಡುಕಿಕೊಂಡೇ ತೀರುತ್ತದೆ ಎಂಬ ನಂಬಿಕೆ ಎಷ್ಟು ತಪ್ಪೆಂದು ನಮ್ಮ ನೆರೆಯ ಶ್ರೀಲಂಕಾ ತೋರಿಸಿದೆ. ತೊಂಬತ್ತರ ದಶಕದ ನಡುವೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಅತಿ ವಿಷಕಾರಿ ಕೀಟನಾಶಕಗಳನ್ನು ಸರ್ಕಾರ ಒಂದೊಂದಾಗಿ ನಿಷೇಧಿಸುತ್ತ ಬಂತು. ಎರಡು ದಶಕಗಳಲ್ಲಿ ಆ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಬಡತನ, ಸಾಲ, ಮನೆಯ ಜಗಳ ಅಷ್ಟರಲ್ಲಿ ಮಾಯವಾಗಿರಲಿಲ್ಲ. ಸಾಯಬೇಕೆನ್ನಿಸಿದ ಗಳಿಗೆಯಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಇರುತ್ತಿದ್ದ ಡಬ್ಬಿಯೊಳಗಿನ ವಿಷ ಮೊದಲಿನಷ್ಟು ಮಾರಕವಾಗಿರಲಿಲ್ಲ, ಅಷ್ಟೇ. ಆ ಗಳಿಗೆ ದಾಟಿದವರಲ್ಲಿ ಬಹಳ ಜನ ಮತ್ತೆ ಆ ದಾರಿ ಹಿಡಿಯಲಿಲ್ಲ. ಹೊಲಕ್ಕೆ ಹೊಡೆಯಲು ತಂದ ಔಷಧಿಯನ್ನು ಕುಡಿದವರ ಮನೆಗಳನ್ನು ಹತ್ತಿರದಿಂದ ಕಂಡ ಕರ್ನಾಟಕದ ಹಳ್ಳಿಯವರಿಗೆ ಆ ಗಳಿಗೆ ಎಷ್ಟು ಚಿಕ್ಕದೆಂದು ಗೊತ್ತು.

ಕೊಡಗಿನಲ್ಲಿ ಮನೆಮನೆಯಲ್ಲೂ ಕೋವಿಯಿದೆ. ಅಲ್ಲಿ ಹೀಗೇಕೆ ಆಗುವುದಿಲ್ಲ?

ಬಂದೂಕಿನ ಪರವಾಗಿ ವಾದಿಸುವ ಕನ್ನಡಿಗರು ತಪ್ಪದೆ ಎತ್ತುವ ಪ್ರಶ್ನೆಯಿದು, ಎತ್ತಬೇಕಾದ ಪ್ರಶ್ನೆಯೂ ಹೌದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ; ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಹುಟ್ಟಿಗೂ ಸಾವಿಗೂ ಗಾಳಿಯಲ್ಲಿ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಅಲ್ಲಿ ಕೋವಿ ಒಂಟಿ ಮನುಷ್ಯನ ಸೊತ್ತಾಗಿ ಇರುವುದಿಲ್ಲ. ಐನ್‌ಮನೆ ಎಂಬ ಕುಲದ ಮೂಲ ಮನೆ, ಹಿರಿಯರು, ಹಬ್ಬ, ಹೊಣೆ ಇವುಗಳ ನಡುವೆ ಇರುತ್ತದೆ. ಸುತ್ತಲಿನ ಸಮಾಜ ಹೇಗಿದೆ ಎಂಬುದು ಮುಖ್ಯವೆನ್ನುವವರಿಗೆ ಇದು ಗಟ್ಟಿ ಉದಾಹರಣೆ.

ಆದರೆ ಪೂರ್ತಿ ನೋಡಬೇಕು. ಕೊಡಗಿನ ತೋಟದ ಕೋವಿಗೂ, ಮೂವತ್ತು ಗುಂಡುಗಳ ಮ್ಯಾಗಜಿನ್ ಸಿಕ್ಕಿಸಿ ಕ್ಷಣಕ್ಷಣಕ್ಕೂ ಟ್ರಿಗರ್ ಎಳೆಯಬಹುದಾದ ಎಆರ್-15 ರೈಫಲ್‌ಗೂ ಹೋಲಿಕೆಯಿಲ್ಲ. ಕೋವಿಯಿಂದಾದ ಆತ್ಮಹತ್ಯೆ, ಜಗಳದ ಕೊಲೆ, ಬೇಟೆಯಲ್ಲಿ ಗುರಿ ತಪ್ಪಿದ ಸಾವುಗಳ ಸುದ್ದಿ ಕೊಡಗಿನಿಂದಲೂ ಬರುತ್ತದೆ. ಹಾಗಾಗಿ ಕೊಡಗು ಎರಡೂ ಪಕ್ಷಗಳಿಗೆ ಒಂದೊಂದು ಪಾಠ ಹೇಳುತ್ತದೆ: ಸಂಸ್ಕಾರ ಕೋವಿಯನ್ನು ಹತೋಟಿಯಲ್ಲಿ ಇಡಬಲ್ಲದು, ಎಂಥ ಕೋವಿ ಎಂಬುದೂ ಅಷ್ಟೇ ಮುಖ್ಯ.

ಆಸ್ಟ್ರೇಲಿಯ ಮಾಡಿದ್ದನ್ನು ಅಮೆರಿಕ ಏಕೆ ಮಾಡುವುದಿಲ್ಲ?

1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಮೇಲೆ ಆಸ್ಟ್ರೇಲಿಯ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ಮರಳಿ ಪಡೆಯಿತು. ಅದೇ ವರ್ಷ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳೂ ಅವರ ಶಿಕ್ಷಕಿಯೂ ಸತ್ತ ಮೇಲೆ ಬ್ರಿಟನ್ ಪಿಸ್ತೂಲುಗಳನ್ನೇ ನಿಷೇಧಿಸಿತು. ಅಮೆರಿಕದಲ್ಲಿ ಶಸ್ತ್ರ ಹೊಂದುವುದು ಸಂವಿಧಾನದ 1791ರ ಎರಡನೇ ತಿದ್ದುಪಡಿಯಿಂದ ಬಂದ ಹಕ್ಕು. ಅದು ವ್ಯಕ್ತಿಯ ಹಕ್ಕೆಂದು 2008ರಲ್ಲಿ, ಮನೆಯ ಹೊರಗೂ ಅನ್ವಯಿಸುತ್ತದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ನಾಗರಿಕರ ಬಳಿಯಿರುವ ಬಂದೂಕುಗಳು 2018ರ ಒಂದು ಅಂದಾಜಿನಂತೆ 39 ಕೋಟಿಗೂ ಹೆಚ್ಚು, ಎಂದರೆ ಜನಸಂಖ್ಯೆಗಿಂತ ಹೆಚ್ಚು. ಎಲ್ಲ ಬಂದೂಕುಗಳನ್ನು ಹಿಂಪಡೆಯುವ ಮಾತು ಅಮೆರಿಕದಲ್ಲಿ ಸದ್ಯಕ್ಕೆ ಆಗುವಂಥದ್ದಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಸಂಕಟದಲ್ಲಿರುವ ಈ ಒಬ್ಬ ಮನುಷ್ಯನಿಂದ, ಈ ವಾರ, ಬಂದೂಕನ್ನು ದೂರವಿಡುವುದು ಹೇಗೆ?

ಅದಕ್ಕೆ ಕಾನೂನಿನಲ್ಲಿ ದಾರಿಯಿದೆಯೇ?

ಇದೆ. ತನಗೋ ಇತರರಿಗೋ ಅಪಾಯ ಮಾಡಿಕೊಳ್ಳಬಹುದಾದ ವ್ಯಕ್ತಿಯಿಂದ ಕೋರ್ಟಿನ ಆದೇಶದ ಮೂಲಕ ತಾತ್ಕಾಲಿಕವಾಗಿ ಬಂದೂಕು ತೆಗೆದಿಡುವ, "ರೆಡ್ ಫ್ಲ್ಯಾಗ್" ಎಂದು ಹೆಸರಾದ ಕಾನೂನುಗಳು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿವೆ. ಕನೆಕ್ಟಿಕಟ್ 1999ರಲ್ಲೇ ಮೊದಲು ತಂದಿತು. 2018ರ ಫೆಬ್ರುವರಿಯಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೂರು ವಾರಗಳಲ್ಲಿ ಫ್ಲಾರಿಡ, ಬಂದೂಕುಪ್ರಿಯ ರಾಜ್ಯವಾಗಿದ್ದರೂ, ಈ ಕಾನೂನನ್ನು ಒಪ್ಪಿ ಖರೀದಿಯ ವಯಸ್ಸನ್ನೂ 21ಕ್ಕೆ ಏರಿಸಿತು. 2022ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತ ಮೇಲೆ ಎರಡೂ ಪಕ್ಷಗಳು ಸೇರಿ ತಂದ ಕೇಂದ್ರ ಕಾನೂನು ಇಂಥ ರಾಜ್ಯಗಳಿಗೂ ಶಾಲೆಗಳ ಮಾನಸಿಕ ಆರೋಗ್ಯ ಸೇವೆಗೂ ಒಟ್ಟಿಗೇ ಹಣ ಕೊಟ್ಟಿತು. ಮನಸ್ಸು ಮತ್ತು ಬಂದೂಕು ಒಂದೇ ಮಸೂದೆಯಲ್ಲಿ ಬಂದದ್ದು ನನಗೆ ಬಹಳ ಮುಖ್ಯವೆನಿಸುತ್ತದೆ.

ಕಾನೂನಿದ್ದರೆ ಸಾಲದು, ಅದನ್ನು ಬಳಸುವವರು ಬೇಕು. 2020ರ ಮಾರ್ಚ್‌ನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ತಾಯಿಯೊಬ್ಬಳು ಮಗನ ಸ್ಥಿತಿಗೆ ಹೆದರಿ ತಾನೇ ಪೊಲೀಸರನ್ನು ಕರೆದಳು. ಪೊಲೀಸರು ಅವನ ಬಂದೂಕನ್ನು ವಶಕ್ಕೆ ಪಡೆದರು. ಆದರೆ ರೆಡ್ ಫ್ಲ್ಯಾಗ್ ಪ್ರಕರಣ ಕೋರ್ಟಿನ ಮುಂದೆ ಹೋಗಲೇ ಇಲ್ಲ. ಹಾಗಾಗಿ ಕೆಲವು ತಿಂಗಳ ನಂತರ ಅವನು ಅಂಗಡಿಗೆ ಹೋಗಿ ಎರಡು ರೈಫಲ್‌ಗಳನ್ನು ಕಾನೂನುಬದ್ಧವಾಗಿ ಕೊಂಡ. 2021ರ ಏಪ್ರಿಲ್ 15ರಂದು ಅವನಿಂದ ಹತರಾದ ಎಂಟು ಜನರಲ್ಲಿ ನಾಲ್ವರು ಸಿಖ್ಖರು. ಹೆತ್ತ ತಾಯಿ ಮಾಡಬೇಕಾದದ್ದನ್ನು ಮಾಡಿದ್ದಳು.

ಸೂಚನೆ ಕಣ್ಣೆದುರಿಗೆ ಇದ್ದೂ ತಪ್ಪಿಹೋದದ್ದು ಹೇಗೆ?

2021ರ ನವೆಂಬರ್ 30, ಮಿಶಿಗನ್‌ನ ಆಕ್ಸ್‌ಫರ್ಡ್ ಪ್ರೌಢಶಾಲೆ. ಬೆಳಗ್ಗೆ ಶಿಕ್ಷಕಿಯೊಬ್ಬರು ಹದಿನೈದು ವರ್ಷದ ಹುಡುಗನ ಗಣಿತದ ಹಾಳೆಯನ್ನು ಕಂಡರು. ಅದರ ಮೇಲೆ ಪಿಸ್ತೂಲಿನ ಚಿತ್ರ, ಗುಂಡು, ರಕ್ತ. ಜೊತೆಗೆ, ಯೋಚನೆಗಳು ನಿಲ್ಲುತ್ತಿಲ್ಲ, ನನಗೆ ಸಹಾಯ ಮಾಡಿ ಎಂಬ ಸಾಲು. ಹಿಂದಿನ ದಿನ ಅವನು ತರಗತಿಯಲ್ಲಿ ಫೋನಿನಲ್ಲಿ ಮದ್ದುಗುಂಡು ಹುಡುಕುತ್ತಿದ್ದುದು ಕಣ್ಣಿಗೆ ಬಿದ್ದಿತ್ತು. ಹೆತ್ತವರನ್ನು ಕರೆಸಲಾಯಿತು. ಆಪ್ತಸಮಾಲೋಚಕರು ಹುಡುಗನಿಗೆ ಆದಷ್ಟು ಬೇಗ ಚಿಕಿತ್ಸೆ ಕೊಡಿಸಬೇಕೆಂದರು. ಹೆತ್ತವರು ಅವನನ್ನು ಮನೆಗೆ ಕರೆದುಕೊಂಡು ಹೋಗಲಿಲ್ಲ. ನಾಲ್ಕು ದಿನದ ಹಿಂದಷ್ಟೇ ತಂದೆ ಪಿಸ್ತೂಲು ಕೊಂಡು ತಂದಿದ್ದನ್ನೂ ಹೇಳಲಿಲ್ಲ. ಬೆನ್ನಚೀಲವನ್ನು ಯಾರೂ ತೆರೆದು ನೋಡಲಿಲ್ಲ. ಹುಡುಗ ತರಗತಿಗೆ ಮರಳಿದ. ಪಿಸ್ತೂಲು ಚೀಲದಲ್ಲೇ ಇತ್ತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅವನು ಹಾರಿಸಿದ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು.

2024ರಲ್ಲಿ ತಾಯಿ, ತಂದೆ ಇಬ್ಬರಿಗೂ ನರಹತ್ಯೆಯ ಅಪರಾಧಕ್ಕಾಗಿ ಹತ್ತರಿಂದ ಹದಿನೈದು ವರ್ಷಗಳ ಸೆರೆವಾಸವಾಯಿತು. ಮಗ ಶಾಲೆಯಲ್ಲಿ ನಡೆಸಿದ ಸಾಮೂಹಿಕ ದಾಳಿಗಾಗಿ ಅಮೆರಿಕದಲ್ಲಿ ಹೆತ್ತವರು ಹೀಗೆ ದೋಷಿಗಳೆನಿಸಿದ್ದು ಅದೇ ಮೊದಲು. ಆ ಕೋಣೆಯಲ್ಲಿ ಮನಸ್ಸಿನ ಬಗ್ಗೆ ಮಾತು ನಡೆಯಿತು, ಬಂದೂಕಿನ ಬಗ್ಗೆ ನಡೆಯಲಿಲ್ಲ. "ಮನೆಯಲ್ಲಿ ಬಂದೂಕಿದೆಯೇ, ಈಗ ಎಲ್ಲಿದೆ?" ಎಂಬ ಒಂದೇ ಒಂದು ಪ್ರಶ್ನೆ ಅಲ್ಲಿ ಎದ್ದಿದ್ದರೆ ಎಂದು ಈ ಪ್ರಕರಣ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ದಾಳಿಕೋರನ ಹೆಸರನ್ನು ಏಕೆ ಹೇಳಬಾರದು?

ಮುಂದಿನವನು ಹಿಂದಿನವನನ್ನು ಓದಿಕೊಂಡೇ ಬರುತ್ತಾನೆ. 2019ರಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನ ಹೆಸರನ್ನು ತಾವು ಎಂದೂ ಉಚ್ಚರಿಸುವುದಿಲ್ಲವೆಂದು ನ್ಯೂಜಿಲೆಂಡ್ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲೇ ಹೇಳಿದರು. ಅದು ಸರಿಯಾದ ನಡೆ.

ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳು ಏನು ಮಾಡಬಹುದು?

ನನ್ನ ಮಗಳು ಒಂದನೇ ತರಗತಿಯಲ್ಲಿದ್ದಾಗ, ಹೆಜ್ಜೆಯಿಟ್ಟರೆ ಹಿಮ್ಮಡಿಯಲ್ಲಿ ದೀಪ ಮಿನುಗುವ ಬೂಟು ಇನ್ನು ಬೇಡವೆಂದಳು. ಆಸೆಪಟ್ಟು ಕೊಡಿಸಿಕೊಂಡಿದ್ದ ಬೂಟು ಅದು. ಕಾರಣ ಕೇಳಿದರೆ, ಶಾಲೆಗೆ ದಾಳಿಕೋರ ನುಗ್ಗಿದರೆ ಅಡಗಿ ಕೂರುವ ಅಭ್ಯಾಸವಾದ ಲಾಕ್‌ಡೌನ್ ಡ್ರಿಲ್‌ನಲ್ಲಿ ದೀಪ ಆರಿಸಿ ಮೂಲೆಯಲ್ಲಿ ಕೂತಾಗ ತನ್ನ ಬೂಟು ಮಾತ್ರ ಬೆಳಗಿತು, ಪಕ್ಕದ ಹುಡುಗ ಅದರ ಮೇಲೆ ತನ್ನ ಸ್ವೆಟರ್ ಹೊದಿಸಿದ ಎಂದಳು. ಈ ಪುಟ ಬರೆಯಬೇಕೆಂದು ನನಗೆ ಅನ್ನಿಸಿದ್ದು ಆ ಸಂಜೆ.

ಮಕ್ಕಳೊಡನೆ ಮಾತನಾಡಬೇಕು. ಯಾರಾದರೂ ಸಹಪಾಠಿ ಸಾಯುವ, ಸಾಯಿಸುವ ಮಾತಾಡಿದರೆ ಅದನ್ನು ದೊಡ್ಡವರಿಗೆ ಹೇಳುವುದು ಚಾಡಿಯಲ್ಲವೆಂದು ಚೆನ್ನಾಗಿ ಮನದಟ್ಟು ಮಾಡಿಸಬೇಕು. ನಮ್ಮ ಮನೆಯ ಮಗುವೇ ಮಂಕಾದರೆ, ಅಂಕದ ಮಾತು ಬದಿಗಿಟ್ಟು ಅದರ ಬಳಿ ಕೂರಬೇಕು. 2022ರಿಂದ, ಆತ್ಮಹತ್ಯೆ ಮತ್ತು ಮಾನಸಿಕ ಸಂಕಟದ ಸಹಾಯವಾಣಿಯಾದ 988 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಮನೆಯಲ್ಲಿ ಬಂದೂಕು ಇಟ್ಟುಕೊಂಡಿರುವ ಕನ್ನಡಿಗರೂ ಇದ್ದಾರೆ. ಅವರು ಅದನ್ನು ಖಾಲಿ ಮಾಡಿ, ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಬೀಗದಲ್ಲಿಡಬೇಕು. ಬೀಗದ ಕೈ ಎಲ್ಲಿದೆಯೆಂದು ಮಕ್ಕಳಿಗೆ ಗೊತ್ತಿರುತ್ತದೆ ಎಂದೇ ಎಣಿಸಬೇಕು.

ಮಗುವನ್ನು ಸ್ನೇಹಿತರ ಮನೆಗೆ ಆಟಕ್ಕೆ ಕಳಿಸುವಾಗ ಬಂದೂಕಿನ ವಿಚಾರ ಕೇಳಿದರೆ ಅವರು ಬೇಸರಪಟ್ಟುಕೊಳ್ಳುವುದಿಲ್ಲವೇ?

ಮೊದಲ ಸಲ ಕೇಳುವಾಗ ನನಗೂ ನಾಲಿಗೆ ಏಳಲಿಲ್ಲ. ನಾಯಿಯಿದೆಯೇ, ಈಜುಕೊಳಕ್ಕೆ ಬೇಲಿಯಿದೆಯೇ ಎಂದು ಕೇಳಿದ ಮೇಲೆ, ಅದೇ ಸ್ವರದಲ್ಲಿ, "ಮನೆಯಲ್ಲಿ ಗನ್ ಇದ್ದರೆ ಬೀಗ ಹಾಕಿದೆಯೇ?" ಎಂದೆ. ಆ ತಾಯಿ ಒಂದು ಕ್ಷಣ ತಡೆದು, "ಇದೆ, ನನ್ನ ಗಂಡನದು. ಸೇಫ್‌ನಲ್ಲಿದೆ ಅಂದುಕೊಂಡಿದ್ದೇನೆ, ನೋಡಿ ಹೇಳುತ್ತೇನೆ" ಎಂದರು. ಹತ್ತು ನಿಮಿಷದ ನಂತರ ಮತ್ತೆ ಅವರೇ ಕರೆ ಮಾಡಿದರು. ಅದು ಹಾಸಿಗೆಯ ಪಕ್ಕದ ಡ್ರಾಯರ್‌ನಲ್ಲಿತ್ತಂತೆ, ಈಗ ಸೇಫ್‌ಗೆ ಸೇರಿಸಿದ್ದಾರಂತೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಮಗಳನ್ನು ಕರೆದುಕೊಂಡು ಹೋದೆ.